ಸಹಿ ಹಾಕುವ ಮುಂಚೆ

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ದಿನನಿತ್ಯದ ಬದುಕಿನಲ್ಲಿ ವಿವೇಕ, ಯೋಚಿಸಿ ತೀರ್ಮಾನ ಮಾಡೋದು, ಇದರ ಬಗ್ಗೆ ನಾಲ್ಕು ಮಾತು ಆಡಿ ಎಂದು ನಮ್ಮ ಕಾರ್ಯದರ್ಶಿಗಳು ಹೇಳಿದ್ದಾರೆ. ವಿವೇಕ ಅಂದ ಕೂಡಲೇ ನಮಗೆ ಪುರಾಣ, ಪ್ರವಚನ ನೆನಪಾಗುತ್ತೆ. ಆ ದಾರಿ ನನಗೆ ಬೇಡ. ಅದಕ್ಕೆ ನಂಜುಂಡೇಶ್ವರನ ಸನ್ನಿಧಿಯಲ್ಲಿ ಬೇರೆ ವಿದ್ವಾಂಸರಿದ್ದಾರೆ. ಸಂಘದ ಕಟ್ಟಡದಲ್ಲಿ ನಿಂತು ಮಾತಾಡುವಾಗ ನನ್ನ ಕಣ್ಣಿಗೆ ಬೀಳೋದು ಆ ಮೇಜಿನ ಮೇಲಿರುವ ಸಾಲದ ಅರ್ಜಿ, ಅದರ ಪಕ್ಕದ ಇಂಕ್ ಪ್ಯಾಡು. ನಮ್ಮಂಥ ಊರುಗಳಲ್ಲಿ ವಿವೇಕ ಇದೆಯೋ ಇಲ್ಲವೋ ಅನ್ನೋದು ಆ ಹೆಬ್ಬೆಟ್ಟು ಒತ್ತುವ ಕ್ಷಣದಲ್ಲಿ ಗೊತ್ತಾಗಿಬಿಡುತ್ತೆ.

ಸಹಕಾರ ಚಳವಳಿ ನಮ್ಮ ನಾಡಿನಲ್ಲಿ ಹುಟ್ಟಿದ್ದೇ ಸಾಲದ ಕಷ್ಟದಿಂದ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂತು. ಮಾರನೇ ವರ್ಷ, 1905ರಲ್ಲಿ, ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಮುಂದೆ ನಿಂತು ಸಂಘ ಕಟ್ಟಿದರು. ಅದೇ ವರ್ಷ ನಮ್ಮ ಮೈಸೂರು ಸಂಸ್ಥಾನವೂ ತನ್ನದೇ ಸಹಕಾರ ಕಾಯಿದೆ ಮಾಡಿಕೊಂಡಿತು. ಆ 1904ರ ಕಾಯಿದೆಯಲ್ಲಿ ಒಂದು ವಿಶೇಷ ಇತ್ತು. ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಸಂಘ ಮುಳುಗಿದರೆ ಒಬ್ಬೊಬ್ಬ ಸದಸ್ಯನೂ ತನ್ನ ಹೊಲ ಮನೆಯವರೆಗೆ ಹೊಣೆ. ಜರ್ಮನಿಯಲ್ಲಿ ರೈಫೈಸನ್ ಎಂಬ ಮಹನೀಯರು ರೈತರಿಗಾಗಿ ಕಟ್ಟಿದ ಸಂಘಗಳಿಂದ ಬಂದ ಪದ್ಧತಿ ಅದು. ಕೇಳೋಕೆ ಭಯ ಆಗುತ್ತೆ. ಆದರೆ ಅದರ ಒಳಗಿನ ಉಪಾಯ ನೋಡಿ. ಪಕ್ಕದ ಮನೆಯವನ ಸಾಲ ನನ್ನ ತಲೆ ಮೇಲೂ ಬರುತ್ತೆ ಅಂದಾಗ, ಅವನು ಯಾತಕ್ಕೆ ಸಾಲ ತಗೋತಾನೆ, ಹೇಗೆ ತೀರಿಸ್ತಾನೆ ಅಂತ ನಾನು ಕೇಳೇ ಕೇಳ್ತೀನಿ. ಊರೇ ಕೂತು ಯೋಚನೆ ಮಾಡಬೇಕಾಗ್ತಿತ್ತು. ಇವತ್ತು ನಮ್ಮ ಹೊಣೆಗೆ ಷೇರಿನ ಮಿತಿ ಇದೆ. ಅದು ಒಳ್ಳೆಯದೇ. ಆದರೆ ಕೂತು ಕೇಳುವ ಅಭ್ಯಾಸವೂ ಅದರ ಜೊತೆಗೇ ಹೋಯಿತೇನೋ ಅಂತ ನನಗೆ ಅನುಮಾನ.

ತಿ. ನರಸೀಪುರದ ಕಡೆಯಿಂದ ಬಂದ ರೇಷ್ಮೆ ಬೆಳೆಗಾರರು ಇಲ್ಲಿ ಇದ್ದೀರಿ. ನಿಮ್ಮ ಕಸುಬಿನಿಂದಲೇ ಒಂದು ಮಾತು ತೆಗೀತೀನಿ. ತಿ. ನರಸೀಪುರದ ಸರ್ಕಾರಿ ಕಾರ್ಖಾನೆಯಲ್ಲಿ ನೂಲು ತೆಗೆದು, ಮೈಸೂರಿನಲ್ಲಿ ಸೀರೆ ನೇಯ್ದು, ಜಗತ್ತಿಗೇ 'ಮೈಸೂರು ಸಿಲ್ಕ್' ಅಂತ ಹೆಸರಾಯಿತು. ಆ ಹೆಸರಿನ ಹಿಂದೆ ಒಬ್ಬ ರೈತ ಮಾಡುವ ಒಂದು ಲೆಕ್ಕ ಇದೆ: ತೋಟದಲ್ಲಿ ಸೊಪ್ಪು ಎಷ್ಟಿದೆ, ಎಷ್ಟು ಮೊಟ್ಟೆ ತರಬೇಕು. ಚಾಕಿ ಹುಳು ಮನೆಗೆ ಬಂದಾಗ ಹಿಡಿ ಸೊಪ್ಪು ಹೆಚ್ಚಿಟ್ಟರೆ ಸಾಕು. ತೋಟದ ತುಂಬ ಸೊಪ್ಪು ನಗ್ತಾ ಇರುತ್ತೆ. 'ಇನ್ನೂ ಐವತ್ತು ಮೊಟ್ಟೆ ಜಾಸ್ತಿ ತರಬೋದಿತ್ತಲ್ಲ' ಅನ್ನಿಸೋದೇ ಆಗ. ಎರಡನೇ ಜ್ವರ, ಮೂರನೇ ಜ್ವರ ಕಳೆಯುವ ತನಕವೂ ಹಾಗೇ ಅನ್ನಿಸುತ್ತೆ. ನಾಲ್ಕನೇ ಜ್ವರ ಎದ್ದ ಮೇಲೆ ನೋಡಿ, ಹುಳುವಿನ ಹಸಿವು! ಅದು ತನ್ನ ಬದುಕಿನಲ್ಲಿ ತಿನ್ನುವ ಒಟ್ಟು ಸೊಪ್ಪಿನಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಭಾಗ ತಿನ್ನೋದು ಆ ಕೊನೆಯ ಹಂತದಲ್ಲಿ, ವಾರ ಎಂಟು ದಿನದಲ್ಲಿ. ಆಗ ಸೊಪ್ಪು ಸಾಲದೆ ಬಂದರೆ ಪಕ್ಕದ ಊರಲ್ಲಿ ಕೇಳಿದ ಬೆಲೆ ಕೊಟ್ಟು ಕೊಳ್ಳಬೇಕು, ಇಲ್ಲ ಹಣ್ಣಾಗುವ ಹೊತ್ತಿನಲ್ಲಿ ಹುಳುವನ್ನ ಅರೆಹೊಟ್ಟೆಗೆ ಕೆಡವಬೇಕು. ಅರೆಹೊಟ್ಟೆ ಹುಳು ಚಂದ್ರಿಕೆಗೆ ಹತ್ತಿ ಕಟ್ಟುವ ಗೂಡಿಗೆ ಮಾರುಕಟ್ಟೆಯಲ್ಲಿ ಯಾವ ಬೆಲೆ ಸಿಗುತ್ತೆ ಅನ್ನೋದು ನಿಮಗೆ ನಾನು ಹೇಳಬೇಕಾಗಿಲ್ಲ.

ಅನುಭವಸ್ಥ ಬೆಳೆಗಾರ ಮೊಟ್ಟೆ ತರುವ ದಿನವೇ ನಾಲ್ಕನೇ ಜ್ವರದ ಆಚೆ ಏನಾಗುತ್ತೆ ಅಂತ ಲೆಕ್ಕ ಹಾಕ್ತಾನೆ. ಸಾಲಕ್ಕೂ ಇದೇ ಲೆಕ್ಕ. ಸಾಲ ತಂದ ಮೊದಲ ಮೂರು ತಿಂಗಳು ಕಂತು ಹಗುರ ಕಾಣುತ್ತೆ. ಬರಬರುತ್ತಾ ಮಗಳ ಕಾಲೇಜಿನ ಫೀಜು, ಅಪ್ಪನ ಕಣ್ಣಿನ ಆಪರೇಷನ್ನು, ಒಂದು ಹಸು ಗೊಡ್ಡು ಬೀಳೋದು, ಇವೆಲ್ಲ ಒಟ್ಟಿಗೇ ಬಂದು ಕೂತಾಗ ಅದೇ ಕಂತು ಕಲ್ಲಾಗುತ್ತೆ. ಸಾಲ ತರುವ ದಿನ ನಾವು ಚೆನ್ನಾಗಿರುವ ತಿಂಗಳನ್ನ ಮನಸ್ಸಿನಲ್ಲಿ ಇಟ್ಟುಕೊಂಡು ಲೆಕ್ಕ ಮಾಡ್ತೀವಿ. ವರ್ಷದಲ್ಲಿ ಅತಿ ಕೆಟ್ಟ ತಿಂಗಳನ್ನ ಹಿಡಿದು ಲೆಕ್ಕ ಮಾಡಿ ನೋಡಿ. ಆಗಲೂ ಕಂತು ಕಟ್ಟೋಕೆ ಆಗುತ್ತೆ ಅಂದರೆ ಧೈರ್ಯವಾಗಿ ತಗೊಳ್ಳಿ. ಸಾಲವೇ ಬೇಡ ಅನ್ನೋ ಪೈಕಿ ನಾನಲ್ಲ. ಸಾಲ ಇಲ್ಲದೆ ನಮ್ಮ ಸಂಘವೂ ಇಲ್ಲ.

ವಾರದ ಕಂತಿನ ಲೆಕ್ಕ ಒಂದನ್ನ ಇಲ್ಲೇ ಮಾಡೋಣ. ತಾಯಂದಿರು ಸ್ವಲ್ಪ ಗಮನ ಕೊಡಿ. 50 ಸಾವಿರ ಕೊಟ್ಟು, ವಾರಕ್ಕೆ 1,100 ರೂಪಾಯಿಯಂತೆ 52 ವಾರ ಕಟ್ಟಿ ಅಂತಾರೆ ಅಂತಿಟ್ಟುಕೊಳ್ಳಿ. ಒಟ್ಟು ಕಟ್ಟೋದು 57,200. ಮೇಲೆ ಹೋದದ್ದು 7,200. 'ಐವತ್ತು ಸಾವಿರಕ್ಕೆ ಏಳು ಸಾವಿರ ತಾನೆ, ನೂರಕ್ಕೆ 14 ರೂಪಾಯಿ ಬಡ್ಡಿ' ಅಂತ ನಮ್ಮ ಮನಸ್ಸು ಹೇಳುತ್ತೆ. ಆದರೆ ಆ 50 ಸಾವಿರ ವರ್ಷವಿಡೀ ನಿಮ್ಮ ಕೈಲಿ ಇತ್ತೇ? ಪ್ರತಿ ವಾರವೂ ಅಸಲು ವಾಪಸ್ ಹೋಗ್ತಾ ಇತ್ತು. ಆರು ತಿಂಗಳ ಹೊತ್ತಿಗೆ ಅರ್ಧ ಹೋಗಿತ್ತು. ಸರಾಸರಿ ನಿಮ್ಮ ಕೈಲಿ ಇದ್ದದ್ದು 25 ಸಾವಿರದ ಆಸುಪಾಸು. ಅದಕ್ಕೆ 7,200 ಅಂದರೆ ನೂರಕ್ಕೆ 28ರ ಮೇಲೆ ಬಿತ್ತು. ಇದರಲ್ಲಿ ಮೋಸ ಇದೆ ಅಂತ ನಾನು ಹೇಳ್ತಿಲ್ಲ. ಕಾಗದದಲ್ಲಿ ಬರೆದೇ ಇರುತ್ತೆ. ಓದುವವರು ಇಲ್ಲ ಅಷ್ಟೆ. ಊರಲ್ಲಿ ಕೈಸಾಲದ ಮೀಟ್ರು ಬಡ್ಡಿ ಇನ್ನೂ ಜೋರು. ತಿಂಗಳಿಗೆ ನೂರಕ್ಕೆ 5 ರೂಪಾಯಿ ಅಂದರೆ ವರ್ಷಕ್ಕೆ 60. ಬೇಸಾಯದಲ್ಲಿ ನೂರಕ್ಕೆ 60 ಲಾಭ ಕೊಡುವ ಬೆಳೆ ಯಾವುದು ಅಂತ ಯಾರಾದರೂ ಹೇಳಿದರೆ ನಾನೂ ನಾಳೆಯಿಂದಲೇ ಹಾಕ್ತೀನಿ.

2025ರ ಜನವರಿಯಲ್ಲಿ ನಮ್ಮ ನಂಜನಗೂಡು ತಾಲೂಕಿನಿಂದಲೂ ಪಕ್ಕದ ಚಾಮರಾಜನಗರ ಜಿಲ್ಲೆಯಿಂದಲೂ ಬಂದ ಸುದ್ದಿ ನೀವೆಲ್ಲ ಕೇಳಿದ್ದೀರಿ. ಕಂತಿನವರ ಕಾಟ ತಾಳದೆ ಮನೆಗೆ ಬೀಗ ಹಾಕಿಕೊಂಡು ಊರು ಬಿಟ್ಟ ಕುಟುಂಬಗಳು. ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಅಂತ ಮಾಡಿತು. ಕಾನೂನು ಬಂದದ್ದು ಒಳ್ಳೆಯದಾಯಿತು. ಬೆದರಿಸುವವರ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಾಗಿಲ್ಲ, ಪೊಲೀಸ್ ಠಾಣೆಗೆ ಹೋಗಬಹುದು. ಆದರೆ ಅದಕ್ಕೂ ಮೊದಲೇ, 2022ರ ಏಪ್ರಿಲ್‌ನಿಂದಲೇ, ರಿಸರ್ವ್ ಬ್ಯಾಂಕಿನ ಒಂದು ನಿಯಮ ಇತ್ತು. ಮೈಕ್ರೋಫೈನಾನ್ಸ್ ಸಾಲ ಕೊಡುವಾಗ ಮನೆಯ ಎಲ್ಲಾ ಸಾಲಗಳ ತಿಂಗಳ ಕಂತು ಸೇರಿ ಮನೆಯ ತಿಂಗಳ ವರಮಾನದ ಅರ್ಧ ದಾಟಬಾರದು ಅಂತ. ನಿಯಮ ಬ್ಯಾಂಕಿನವರಿಗೆ. ಆದರೆ ಇದನ್ನ ನಮ್ಮ ಮನೆಯ ನಿಯಮ ಮಾಡಿಕೊಳ್ಳೋಕೆ ಯಾರ ಅಪ್ಪಣೆ ಬೇಕು? ಅರ್ಧ ಯಾಕೆ, ಬೇಸಾಯದ ಮನೆಗೆ ಮೂರನೇ ಒಂದು ಭಾಗವೇ ಜಾಸ್ತಿ ಅಂತ ನನ್ನ ಅಭಿಪ್ರಾಯ. ಒಂದು ಸಂಘದ ಕಂತು ಕಟ್ಟೋಕೆ ಇನ್ನೊಂದು ಸಂಘದಲ್ಲಿ ಸಾಲ ಎತ್ತಿದ ದಿನವೇ ಗಂಡ ಹೆಂಡತಿ ಕೂತು ಮಾತಾಡಬೇಕು. ಎಷ್ಟೋ ಮನೆಗಳಲ್ಲಿ ಹೆಂಡತಿಯ ವಾರದ ಕಂತು ಗಂಡನಿಗೆ ಗೊತ್ತಿಲ್ಲ, ಗಂಡನ ಕೈಸಾಲ ಹೆಂಡತಿಗೆ ಗೊತ್ತಿಲ್ಲ. ಎರಡೂ ಗೊತ್ತಾಗೋದು ಬಾಗಿಲಿಗೆ ಜನ ಬಂದು ನಿಂತ ಮೇಲೆ.

ಇನ್ನು ಜಾಮೀನಿನ ವಿಷಯ. ಇದನ್ನ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಕಡೆ ನೆಂಟಸ್ತಿಕೆ ಕೆಟ್ಟಿರೋದು ಆಸ್ತಿ ಭಾಗಕ್ಕಿಂತ ಜಾಮೀನಿನಲ್ಲೇ ಜಾಸ್ತಿ ಅಂತ ನನಗೆ ಕಾಣುತ್ತೆ. ಸಂಜೆ ಹೊತ್ತು ಭಾವಮೈದ ಬರ್ತಾನೆ. ಕಾಫಿ ಆಗುತ್ತೆ. 'ಬರೀ ಒಂದು ಸೈನು ಕನಣ್ಣ, ದುಡ್ಡೇನು ನೀ ಕೊಡಬೇಕಾ' ಅಂತಾನೆ. ಆ 'ಬರೀ ಒಂದು ಸೈನು' ಅನ್ನುವ ಮಾತಿಗೆ ಕಾನೂನಿನಲ್ಲಿ ಅರ್ಥವೇ ಇಲ್ಲ. 1872ರ ಕರಾರು ಕಾಯಿದೆಯ 128ನೇ ಕಲಮು ಏನು ಹೇಳುತ್ತೆ ಅಂದರೆ, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಮೊದಲು ಸಾಲಗಾರನ ಮನೆ ಜಪ್ತಿ ಮಾಡಿ, ಸಾಲದೆ ಹೋದರೆ ಆಮೇಲೆ ನಿಮ್ಮ ಹತ್ತಿರ ಬರಬೇಕು ಅಂತ ಇಲ್ಲ. ನೇರವಾಗಿ ನಿಮ್ಮ ಬಾಗಿಲಿಗೇ ಬರಬಹುದು. ಆದ್ದರಿಂದ ಜಾಮೀನು ನಿಲ್ಲುವವರು ಕೇಳಿಕೊಳ್ಳಬೇಕಾದ ಪ್ರಶ್ನೆ 'ಇವನು ಒಳ್ಳೆಯವನಾ' ಅನ್ನೋದಲ್ಲ. ಒಳ್ಳೆಯವರಿಗೂ ಬೆಳೆ ಹೋಗುತ್ತೆ. 'ಈ ದುಡ್ಡು ನಾನೇ ಕೊಡಬೇಕಾಗಿ ಬಂದರೆ ಕೊಡೋಕೆ ಆಗುತ್ತಾ, ಕೊಟ್ಟ ಮೇಲೂ ಇವನ ಜೊತೆ ಕೂತು ಊಟ ಮಾಡ್ತೀನಾ' ಅಂತ ಕೇಳಿಕೊಳ್ಳಿ. ಆಗುತ್ತೆ ಅಂದರೆ ನಿಲ್ಲಿ, ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ಆಗೋದಿಲ್ಲ ಅಂದರೆ ಮುಖಕ್ಕೆ ಹೊಡೆದ ಹಾಗೆ ಹೇಳಬೇಕಾಗಿಲ್ಲ. 'ಮನೇಲಿ ಒಂದ್ಮಾತು ಕೇಳ್ಬುಟ್ಟು ನಾಳೆ ಹೇಳ್ತೀನಿ ಕನಪ್ಪ' ಅಂದರೆ ಆಯಿತು. ಒಂದು ರಾತ್ರಿ ಸಿಕ್ಕಿತು. ಆ ರಾತ್ರಿಯಲ್ಲಿ ಸಂಕೋಚ ಇಳಿದು ಲೆಕ್ಕ ಮೇಲೆ ಬರುತ್ತೆ. ನಾಳೆವರೆಗೂ ಕಾಯೋಕೆ ಆಗೋದೇ ಇಲ್ಲ ಅಂತ ಯಾರಾದರೂ ಅವಸರ ಮಾಡಿದರೆ, ಆ ಅವಸರವೇ ನಿಮಗೆ ಉತ್ತರ ಕೊಟ್ಟಂತೆ.

ಬೆಳೆ ಆಯ್ಕೆಯ ವಿಷಯಕ್ಕೆ ಬರೋಣ. 2023ರ ಜುಲೈನಲ್ಲಿ ಟೊಮೇಟೊ ಕೆ.ಜಿ.ಗೆ 100 ರೂಪಾಯಿ ದಾಟಿತು. ಹೊಲದಲ್ಲಿ ರಾತ್ರಿ ಕಾವಲು ಕೂತರು. ಅದನ್ನ ನೋಡಿ ನಾಟಿ ಮಾಡಿದವರು ಎಷ್ಟೋ ಜನ. ಸೆಪ್ಟೆಂಬರ್ ಹೊತ್ತಿಗೆ ಬೆಲೆ ಪಾತಾಳಕ್ಕೆ ಬಿತ್ತು. ಮೊದಲು ಗೆದ್ದವನನ್ನ ಜಾಣ ಅಂದೆವು, ಆಮೇಲೆ ಸೋತವನನ್ನ ದಡ್ಡ ಅಂದೆವು. ಎರಡೂ ಪೂರ್ತಿ ಸರಿಯಲ್ಲ. ಗೆದ್ದವನು ಎಂದಿನಂತೆ ಅರ್ಧ ಎಕರೆ ಹಾಕಿದ್ದ, ಬೆಲೆ ಒಲಿದು ಬಂತು. ಅದು ಅದೃಷ್ಟ. ಸೋತವರಲ್ಲೂ ಇಬ್ಬರಿದ್ದಾರೆ: ಕೈಲಿದ್ದ ದುಡ್ಡಿನಲ್ಲಿ ಒಂದಿಷ್ಟು ಜಾಗದಲ್ಲಿ ಪ್ರಯತ್ನ ಮಾಡಿದವನು, ಒಡವೆ ಅಡವಿಟ್ಟು ಇದ್ದ ಜಮೀನಿಗೆಲ್ಲಾ ಹಾಕಿದವನು. ಬೆಲೆ ಇಬ್ಬರಿಗೂ ಒಂದೇ ಕೊಟ್ಟಿತು. ಆದರೆ ಮಾರನೇ ವರ್ಷ ಮೊದಲನೆಯವನು ಮತ್ತೆ ಉತ್ತ, ಎರಡನೆಯವನು ಬೆಂಗಳೂರು ಬಸ್ಸು ಹತ್ತಿದ. ತೀರ್ಮಾನವನ್ನ ಅದರ ಫಲದಿಂದ ಅಳೆಯೋದು ನಮ್ಮ ಅಭ್ಯಾಸ. ತೀರ್ಮಾನ ಮಾಡಿದ ದಿನ ನಮಗೆ ಏನು ಗೊತ್ತಿತ್ತು, ಕೆಟ್ಟರೆ ಎಷ್ಟು ಕೆಡುತ್ತೆ ಅಂತ ನೋಡಿಕೊಂಡಿದ್ದೆವಾ ಅನ್ನೋದರಿಂದ ಅಳೆದರೆ ಮುಂದಿನ ಸಲಕ್ಕೆ ಪಾಠ ಸಿಗುತ್ತೆ. ದೊಡ್ಡಕವಲಂದೆ ಕಡೆಯ ಒಣಭೂಮಿಯಲ್ಲಿ ಎರಡು ಬೋರ್‌ವೆಲ್ ಬತ್ತಿ ಮೂರನೆಯದಕ್ಕೆ ಸಾಲ ಎತ್ತುವವರು 'ಇಷ್ಟು ಹಾಕಿದ್ದಾಯಿತು, ಈಗ ಬಿಟ್ಟರೆ ಹೆಂಗೆ' ಅಂತಾರೆ. ಎರಡು ಬೋರಿಗೆ ಹಾಕಿದ್ದು ಹೋಯಿತು. ಮೂರನೆಯದರಲ್ಲಿ ನೀರು ಬರುತ್ತೋ ಇಲ್ಲವೋ ಅನ್ನೋದಕ್ಕೂ ಅದಕ್ಕೂ ಸಂಬಂಧ ಇಲ್ಲ.

ನಮ್ಮ ನಂಜನಗೂಡು ರಸಬಾಳೆಯ ಕಥೆಯೂ ಇಲ್ಲಿ ಹೇಳಲೇಬೇಕು. ದೇವರಸನಹಳ್ಳಿ ಸುತ್ತಿನ ಮಣ್ಣಿನಲ್ಲಿ ಬೆಳೆದ ಆ ಹಣ್ಣಿನ ಪರಿಮಳಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಬಂತು. ಆದರೆ ಆ ಹೊತ್ತಿಗಾಗಲೇ ಪನಾಮ ಸೊರಗು ರೋಗ ತೋಟಗಳನ್ನ ನುಂಗಿತ್ತು. ಇದು ಮಣ್ಣಿನಲ್ಲಿ ಬದುಕುವ ಶಿಲೀಂಧ್ರ. ಬಾಳೆ ಕಿತ್ತುಹಾಕಿದರೂ ಹತ್ತಾರು ವರ್ಷ ಮಣ್ಣಿನಲ್ಲೇ ಕೂತಿರುತ್ತೆ. ಹರಡೋದು ಕಂದಿನಿಂದ, ಗುದ್ದಲಿಗೆ ಅಂಟಿದ ಮಣ್ಣಿನಿಂದ, ಹರಿಯುವ ನೀರಿನಿಂದ. ಇದೇ ಜಾತಿಯ ರೋಗ ಮಧ್ಯ ಅಮೆರಿಕದಲ್ಲಿ ಗ್ರೋ ಮಿಷೆಲ್ ಎಂಬ ಬಾಳೆಯ ದೊಡ್ಡ ದೊಡ್ಡ ತೋಟಗಳನ್ನೇ ಮುಗಿಸಿತು, 1960ರ ಹೊತ್ತಿಗೆ ಅಲ್ಲಿನ ಕಂಪನಿಗಳು ತಳಿಯನ್ನೇ ಬದಲಾಯಿಸಬೇಕಾಯಿತು. ನಮ್ಮಲ್ಲಿ ಯೋಚಿಸಿ ನೋಡಿ: ಪಕ್ಕದ ತೋಟದವರನ್ನ ಕೇಳಿ ಕಂದು ತರೋದು ನಮ್ಮ ಹಳೆಯ ಪದ್ಧತಿ. ಕಾಸು ಖರ್ಚಿಲ್ಲ, ಸ್ನೇಹವೂ ಉಳೀತು. ಕಂದು ನೋಡೋಕೆ ಆರೋಗ್ಯವಾಗೇ ಇರುತ್ತೆ, ರೋಗ ಒಳಗಿರುತ್ತೆ. ಒಬ್ಬೊಬ್ಬರ ತೀರ್ಮಾನವೂ ಅವರವರ ಮಟ್ಟಿಗೆ ಸರಿಯಾಗೇ ಇತ್ತು, ಎಲ್ಲ ಸೇರಿ ತೋಟ ಹೋಯಿತು. ಆಮೇಲೆ ತೋಟಗಾರಿಕೆ ಇಲಾಖೆಯವರು ಅಂಗಾಂಶ ಕೃಷಿಯ ರೋಗವಿಲ್ಲದ ಸಸಿ ಕೊಟ್ಟು ಮತ್ತೆ ಬೆಳೆಸುವ ಪ್ರಯತ್ನ ಮಾಡಿದರು. ಸಸಿ ಶುದ್ಧವಾಗಿದ್ದರೂ ಹಳೆಯ ಮಣ್ಣಿಗೆ ಇಟ್ಟರೆ ಕಷ್ಟವೇ. ಕೆಲವು ತೀರ್ಮಾನ ಒಬ್ಬನೇ ಮಾಡುವಂಥದ್ದಲ್ಲ, ನೀರಿನ ಕಾಲುವೆ ಹಂಚಿಕೊಂಡವರೆಲ್ಲ ಕೂತು ಮಾಡಬೇಕಾದದ್ದು. ಅದಕ್ಕೇ ಅಲ್ಲವೇ ಸಂಘ ಇರೋದು?

ಒಂದು ಸಣ್ಣ ಉಪಾಯ ಹೇಳ್ತೀನಿ, ಖರ್ಚು ಹತ್ತು ಇಪ್ಪತ್ತು ರೂಪಾಯಿ. ಮನೆಯಲ್ಲಿ ಒಂದು ನೋಟ್‌ಬುಕ್ ಇಡಿ. ಜಮಾ ಖರ್ಚು ಬರೆಯೋದು ಬೇರೆ. ಇದರಲ್ಲಿ ದೊಡ್ಡ ತೀರ್ಮಾನ ಮಾಡಿದ ದಿನ, ಯಾಕೆ ಮಾಡಿದಿರಿ ಅಂತ ಎರಡು ಸಾಲು ಬರೀರಿ. 'ಎರಡನೇ ಹಸು ತಂದೆವು, ಮೇವು ನಮ್ಮದೇ ಇದೆ, ಹಾಲು ಇಷ್ಟು ಬರಬಹುದು.' ವರ್ಷ ಆದ ಮೇಲೆ ಮಕ್ಕಳ ಕೈಲಿ ಓದಿಸಿ. ನೆನಪು ನಮಗೆ ಬೇಕಾದ ಹಾಗೆ ಬದಲಾಗುತ್ತೆ, ಬರೆದದ್ದು ಬದಲಾಗೋಲ್ಲ. ಓದುವ ಮಕ್ಕಳಿಗೂ ಮನೆ ಹೇಗೆ ನಡೆಯುತ್ತೆ ಅಂತ ಆಗಲೇ ತಿಳಿಯೋಕೆ ಶುರುವಾಗುತ್ತೆ.

ಕೊನೆಗೆ ಆಡಳಿತ ಮಂಡಳಿಗೆ ಎರಡು ವಿನಂತಿ. ಬೆಳೆ ಸಾಲಕ್ಕೆ ಬಡ್ಡಿ ಇಲ್ಲ ಅಂತ ಎಲ್ಲರಿಗೂ ಗೊತ್ತು. 2023–24ರ ಬಜೆಟ್ಟಿನಲ್ಲಿ ಆ ಮಿತಿಯನ್ನ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದ್ದೂ ಗೊತ್ತು. ಗಡುವು ತಪ್ಪಿದರೆ ಆ ರಿಯಾಯಿತಿ ಹೋಗಿ ಬಡ್ಡಿ ಬೀಳುತ್ತೆ ಅನ್ನೋದು ಮಾತ್ರ ಎಷ್ಟೋ ಜನಕ್ಕೆ ಗೊತ್ತಿಲ್ಲ. ಗಡುವಿನ ತಾರೀಖನ್ನ ಪಾಸ್ ಪುಸ್ತಕದ ಮೊದಲ ಹಾಳೆಯಲ್ಲೇ ದಪ್ಪ ಅಕ್ಷರದಲ್ಲಿ ಬರೆದುಕೊಡಿ. ಎರಡನೆಯದು, ಜಾಮೀನಿನ ಫಾರಂ. ಅದಕ್ಕೆ ಆವತ್ತೇ ಸಹಿ ತಗೋಬೇಡಿ. ಒಮ್ಮೆ ಗಟ್ಟಿಯಾಗಿ ಓದಿ ಹೇಳಿ, ಫಾರಮ್ಮನ್ನ ಮನೆಗೆ ಕಳಿಸಿ, ಮಾರನೇ ದಿನ ತಗೊಳ್ಳಿ. ಸಂಘದ ಸಾಲ ಒಂದು ದಿನ ತಡ ಆಗುತ್ತೆ ನಿಜ. ಇದನ್ನ ಈ ಮಹಾಸಭೆಯಲ್ಲೇ ಠರಾವು ಮಾಡಬಹುದು ಅಂತ ಅಧ್ಯಕ್ಷರು ಈಗ ತಾನೇ ತಲೆ ಆಡಿಸಿದರು. ಅದನ್ನ ಕಾರ್ಯದರ್ಶಿಗಳು ಬರೆದುಕೊಂಡಿದ್ದಾರೆ ಅಂತ ಭಾವಿಸ್ತೀನಿ.

ಅಡುಗೆಯವರು ಎರಡು ಸಲ ಬಂದು ನೋಡಿಹೋದರು.