ಹೊಟ್ಟೆ ಚಿಕ್ಕದಾದ ಮೇಲೆ

ಬೊಜ್ಜಿನ ಆಪರೇಷನ್ ಅಂದರೆ ಜಾಹೀರಾತಿನಲ್ಲಿ ಎರಡು ಫೋಟೊ ಇರುತ್ತವೆ: ಮುಂಚೆ ಹೇಗಿದ್ದರು, ಆಮೇಲೆ ಹೇಗಾದರು. ಆ ಎರಡನೆಯ ಫೋಟೊ ತೆಗೆಸಿಕೊಂಡ ನಂತರದ ವರ್ಷಗಳ ಬಗ್ಗೆ ಇವತ್ತು ಮಾತಾಡುತ್ತೇನೆ.

ಈಗ ಹೆಚ್ಚಾಗಿ ನಡೆಯುವುದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಜಠರದ ಶೇ. 75ರಿಂದ 80ರಷ್ಟನ್ನು ತೆಗೆದುಬಿಡುತ್ತಾರೆ. ಹಸಿವೆ ಎಬ್ಬಿಸುವ ಗ್ರೆಲಿನ್ ಹಾರ್ಮೋನು ಮುಖ್ಯವಾಗಿ ಹುಟ್ಟುವುದು ಹಾಗೆ ತೆಗೆದ ಭಾಗದಲ್ಲೇ. ಹಾಗಾಗಿ ಮೊದಲ ತಿಂಗಳುಗಳಲ್ಲಿ ಎಷ್ಟೋ ಜನರಿಗೆ ಹಸಿವೆಯೇ ಗೊತ್ತಾಗುವುದಿಲ್ಲ. ತೂಕ ಇಳಿಯುತ್ತದೆ, ರವಿಕೆ ಸಡಿಲವಾಗುತ್ತದೆ, ನೆಂಟರು ಹೊಗಳುತ್ತಾರೆ. ಉತ್ಸಾಹಕ್ಕೆ ಇನ್ನೇನು ಬೇಕು?

ಒಂದು, ಒಂದೂವರೆ ವರ್ಷಕ್ಕೆ ಇಳಿತ ನಿಲ್ಲುತ್ತದೆ. ಹೊಗಳಿಕೆಯೂ ನಿಲ್ಲುತ್ತದೆ. ಕಷ್ಟ ಶುರುವಾಗುವುದು ಆಗ.

ಹೊಟ್ಟೆ ಹಸಿದು ತಿನ್ನುವುದು ನಮ್ಮ ತಿನ್ನುವಿಕೆಯ ಒಂದು ಪಾಲು ಮಾತ್ರ. ಬೇಜಾರಾದಾಗ ತಿನ್ನುತ್ತೇವೆ, ಜಗಳವಾಡಿ ತಿನ್ನುತ್ತೇವೆ, ಮಕ್ಕಳು ಮಲಗಿದ ಮೇಲೆ ಸಿಕ್ಕ ಅರ್ಧ ಗಂಟೆಯನ್ನು ನಮ್ಮದು ಮಾಡಿಕೊಳ್ಳಲು ತಿನ್ನುತ್ತೇವೆ. ಸರ್ಜನ್‌ನ ಕತ್ತರಿ ಅಲ್ಲಿಗೆ ತಲುಪುವುದಿಲ್ಲ. ಇಷ್ಟು ವರ್ಷ ಜೊತೆಗಿದ್ದ ಸಮಾಧಾನವನ್ನು ಕಳೆದುಕೊಂಡವರು ನಿಜಕ್ಕೂ ದುಃಖಿಸುತ್ತಿರುತ್ತಾರೆ. ಸುತ್ತಲಿನವರಿಗೆ ಅದು ಸೋಮಾರಿತನದಂತೆ ಕಾಣುತ್ತದೆ.

ನಮ್ಮ ಊಟದ ರೀತಿಯೂ ಇವರಿಗೆ ಅನುಕೂಲವಾಗಿಲ್ಲ. ಮುದ್ದೆ ನುಂಗಿ ಬೆಳೆದವರಿಗೆ ಪ್ರತಿ ತುತ್ತನ್ನೂ ನುಣ್ಣಗೆ ಅಗಿಯಿರಿ, ಊಟದ ಮಧ್ಯೆ ನೀರು ಕುಡಿಯಬೇಡಿ ಎನ್ನುತ್ತಾರೆ ಡಾಕ್ಟರು. ಮದುವೆ ಪಂಕ್ತಿಯಲ್ಲಿ ಕೂತರೆ, 'ಯಾಕಮ್ಮ, ಎಲೇಲೆಲ್ಲಾ ಹಾಗೇ ಬಿಟ್ಟಿದ್ದೀಯ? ಇನ್ನೊಂದು ಹೋಳಿಗೆ ಹಾಕಿಸ್ಕೊ' ಎಂಬ ಉಪಚಾರ. ನಿಜ ಹೇಳಿಕೊಳ್ಳುವ ಹಾಗಿಲ್ಲ. ಬಾಯಿ ಕಟ್ಟೋಕಾಗದೆ ಹೊಟ್ಟೆ ಕೊಯ್ಸಿಕೊಂಡಳು ಅಂತ ಬೆನ್ನ ಹಿಂದೆ ಆಡಿಕೊಳ್ಳುವ ಬಾಯಿಗಳೂ ಅದೇ ಪಂಕ್ತಿಯಲ್ಲಿರುತ್ತವೆ.

ಇನ್ನೊಂದು ತೊಡಕಿದೆ. ಚಪಾತಿ, ಕೋಳಿಮಾಂಸ ಎದೆಯಲ್ಲಿ ನಿಂತಂತಾಗುತ್ತದೆ. ಟೀಯಲ್ಲಿ ಅದ್ದಿದ ಬಿಸ್ಕತ್ತು, ಐಸ್‌ಕ್ರೀಮು ಸಲೀಸಾಗಿ ಇಳಿಯುತ್ತದೆ. ದಿನವಿಡೀ ಚೂರುಚೂರು ಬಾಯಾಡಿಸಿದರೆ ಚಿಕ್ಕ ಹೊಟ್ಟೆಯೂ ತಡೆಯಲಾರದು. ಒಂದೆರಡು ಕಿಲೋ ಮರಳಿ ಬಂದರೆ ಸಾಕು, ಬೈಸಿಕೊಳ್ಳುವ ಭಯಕ್ಕೆ ತಪಾಸಣೆಗೆ ಹೋಗುವುದು ನಿಲ್ಲುತ್ತದೆ. ಅದರ ಹಿಂದೆಯೇ ಜೀವನಪೂರ್ತಿ ನುಂಗಬೇಕಾದ ವಿಟಮಿನ್ ಮಾತ್ರೆಗಳೂ. ಕೆಲವರು ಊಟದ ಜಾಗಕ್ಕೆ ಕುಡಿತವನ್ನು ತಂದುಕೊಳ್ಳುತ್ತಾರೆ. ಗ್ಯಾಸ್ಟ್ರಿಕ್ ಬೈಪಾಸ್ ಎಂಬ ಇನ್ನೊಂದು ಬಗೆಯ ಬೊಜ್ಜಿನ ಆಪರೇಷನ್ ಆದವರಿಗೆ ಮದ್ಯ ಬೇಗ ತಲೆಗೇರುತ್ತದೆ. ಆಪರೇಷನ್ನಿನ ಎರಡನೇ ವರ್ಷದಲ್ಲಿ ಕುಡಿತದ ಸಮಸ್ಯೆ ಹೆಚ್ಚುವುದನ್ನು 2012ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು.

ಹಾಗಂತ ಆಪರೇಷನ್ ಬೇಡ ಎನ್ನುತ್ತಿಲ್ಲ. ಅದು ಆಯುಸ್ಸು ಹೆಚ್ಚಿಸುತ್ತದೆ ಎಂಬುದಕ್ಕೆ ಸ್ವೀಡನ್ನಿನಲ್ಲಿ ವರ್ಷಗಟ್ಟಲೆ ನಡೆದ ಅಧ್ಯಯನ 2007ರಲ್ಲೇ ಆಧಾರ ಕೊಟ್ಟಿದೆ. ನನ್ನ ತಕರಾರು ಬೇರೆ. ಆಪರೇಷನ್ನಿಗೆ ಮುಂಚೆ ಮನಶ್ಶಾಸ್ತ್ರಜ್ಞರ ಹತ್ತಿರ ಒಂದು ಸಲ ಕಳಿಸಿ, ಸಹಿ ಹಾಕಿಸಿ ಮುಗಿಸಿದರೆ ಸಾಲದು. ಅವರ ಅಗತ್ಯ ಹೆಚ್ಚಿರುವುದು ಎರಡನೇ ವರ್ಷಕ್ಕೆ. ಆಗ ಏನು ತಿಂದೆ ಎಂಬ ಲೆಕ್ಕದ ಜೊತೆಗೆ, ತಿನ್ನುವ ಮುಂಚಿನ ಹತ್ತು ನಿಮಿಷ ಏನಾಗಿತ್ತು ಅಂತಲೂ ಒಂದು ಪುಸ್ತಕದಲ್ಲಿ ಬರೆದುಕೊಂಡು ಬರಲಿ. ಯಾರ ಫೋನ್ ಬಂದಿತ್ತು, ಯಾರ ಫೋನ್ ಬರಲಿಲ್ಲ, ಯಾವ ಮಾತು ಗಂಟಲಲ್ಲೇ ಉಳಿಯಿತು ಎಂಬುದೆಲ್ಲ ಆ ಪುಸ್ತಕದಲ್ಲಿ ಸಿಗುತ್ತದೆ. ಚಿಕಿತ್ಸೆಯನ್ನು ಅಲ್ಲಿಂದ ಶುರು ಮಾಡಬಹುದು.