ಲೋಹಿಯಾ ಹೆಸರಿನ ಸಿನಿಮಾ ಸಂಸ್ಥೆ



ನಮ್ಮೂರು ಕುಮಾರಪಟ್ಟಣದ ಮಗ್ಗುಲಲ್ಲಿ ಹರಿಯುವ ತುಂಗಭದ್ರೆಯ ಗುಂಟ ಮೇಲಕ್ಕೆ ಹೋದರೆ ಕೂಡ್ಲಿ ಸಿಗುತ್ತದೆ. ಅಲ್ಲಿಂದ ತುಂಗೆಯ ದಾರಿ ಹಿಡಿದರೆ ಶಿವಮೊಗ್ಗ, ತೀರ್ಥಹಳ್ಳಿ, ಆಮೇಲೆ ಶೃಂಗೇರಿ. ಶೃಂಗೇರಿಯ ಹತ್ತಿರ ವೈಕುಂಠಪುರ ಎಂಬ ಪುಟ್ಟ ಅಗ್ರಹಾರವಿದೆ. ‘ಸಂಸ್ಕಾರ’ ಸಿನಿಮಾದ ಚಿತ್ರೀಕರಣವಾದದ್ದು ಅಲ್ಲಿ. ಅದನ್ನು ತಯಾರಿಸಿದ ‘ರಾಮಮನೋಹರ ಚಿತ್ರ’ ಸಂಸ್ಥೆಯ ಬಗ್ಗೆ ಇವತ್ತು ನಾಲ್ಕು ಮಾತು.

ಸಂಸ್ಥೆಯ ಹಿಂದಿದ್ದವರು ಪಟ್ಟಾಭಿರಾಮ ರೆಡ್ಡಿ. ನೆಲ್ಲೂರಿನವರು. 1939ರಷ್ಟು ಹಿಂದೆಯೇ ‘ಫಿಡೇಲು ರಾಗಾಲ ಡಜನ್’ ಎಂಬ ಸಂಕಲನ ತಂದು ತೆಲುಗು ಕಾವ್ಯದ ಮಡಿವಂತರನ್ನು ಕೆಣಕಿದ್ದ ಕವಿ. ಮುಂದೆ ಕೆ.ವಿ. ರೆಡ್ಡಿಯವರ ನಿರ್ದೇಶನದಲ್ಲಿ ‘ಪೆಳ್ಳಿನಾಟಿ ಪ್ರಮಾಣಾಲು’, ‘ಶ್ರೀಕೃಷ್ಣಾರ್ಜುನ ಯುದ್ಧಮು’ದಂಥ ದೊಡ್ಡ ಚಿತ್ರಗಳಿಗೆ ಹಣ ಹಾಕಿದರು. ತಾರೆಯರು, ಸೆಟ್ಟು, ಹಾಡು, ಹಂಚಿಕೆದಾರರ ಲೆಕ್ಕಾಚಾರ, ಎಲ್ಲವನ್ನೂ ಒಳಗಿನಿಂದ ಕಂಡವರು. ಆಮೇಲೆ ಕನ್ನಡದಲ್ಲಿ ಅದನ್ನೆಲ್ಲ ಬಿಟ್ಟು ಸಿನಿಮಾ ಮಾಡಲು ಹೊರಟರು. ತಿಳಿಯದೆ ಮಾಡಿದ ಸಾಹಸವಲ್ಲ ಅದು, ತಿಳಿದೇ ಬಿಟ್ಟದ್ದು.

ಸಂಸ್ಥೆಗೆ ಇಟ್ಟ ಹೆಸರು ರಾಮಮನೋಹರ ಲೋಹಿಯಾ ಅವರದು. ದೇವರ ಹೆಸರೋ ಮನೆಯವರ ಹೆಸರೋ ಇಡುವ ಉದ್ಯಮದಲ್ಲಿ ಒಬ್ಬ ಸಮಾಜವಾದಿ ರಾಜಕಾರಣಿಯ ಹೆಸರು! ಆದರೆ ಮಲೆನಾಡಿಗೆ ಲೋಹಿಯಾ ಹೊರಗಿನವರಾಗಿರಲಿಲ್ಲ. 1951ರಲ್ಲಿ ಗೇಣಿದಾರರು ನಡೆಸಿದ ಕಾಗೋಡು ಸತ್ಯಾಗ್ರಹಕ್ಕೆ ಬಂದು ಬಂಧನಕ್ಕೊಳಗಾದವರು. ಚಿತ್ರಕ್ಕೆ ಆಧಾರವಾದ ‘ಸಂಸ್ಕಾರ’ ಕಾದಂಬರಿಯನ್ನು 1965ರಲ್ಲಿ ಬರೆದ ಅನಂತಮೂರ್ತಿ ಬೆಳೆದದ್ದೂ ಆ ಸಮಾಜವಾದಿ ಗಾಳಿಯಲ್ಲೇ. ಆಚಾರ ಮುರಿದ ಬ್ರಾಹ್ಮಣ ನಾರಣಪ್ಪ ಸತ್ತಾಗ ಅವನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರೆಂದು ಅಗ್ರಹಾರವೇ ಕಂಗೆಡುವ ಕಥೆ ಆ ಕಾದಂಬರಿಯದು.

ಇನ್ನು ತಂಡ. ಮದರಾಸಿನಲ್ಲಿ ಆಕ್ಸ್‌ಫರ್ಡ್ ಪ್ರಕಾಶನದ ನೌಕರಿಯಲ್ಲಿದ್ದ ಗಿರೀಶ ಕಾರ್ನಾಡರು ಚಿತ್ರಕಥೆ ಬರೆದರು, ಕಥಾನಾಯಕ ಪ್ರಾಣೇಶಾಚಾರ್ಯರೂ ಆದರು. ‘ಮದ್ರಾಸ್ ಪ್ಲೇಯರ್ಸ್’ ನಾಟಕ ತಂಡದ ಸ್ನೇಹಲತಾ, ಅಂದರೆ ಪಟ್ಟಾಭಿಯವರ ಪತ್ನಿ, ನಾರಣಪ್ಪನ ಜೊತೆಗಾತಿ ಚಂದ್ರಿಯಾದರು. ನಾರಣಪ್ಪನ ಪಾತ್ರಕ್ಕೆ ಪಿ. ಲಂಕೇಶ್. ಚಿತ್ರಕಲಾವಿದ ಎಸ್.ಜಿ. ವಾಸುದೇವ್ ಕಲಾ ನಿರ್ದೇಶನ ನೋಡಿಕೊಂಡರು, ಸರೋದ್ ವಾದಕ ರಾಜೀವ ತಾರಾನಾಥರು ಸಂಗೀತ ಕೊಟ್ಟರು. ಛಾಯಾಗ್ರಹಣಕ್ಕೆ ಬಂದವರು ಆಸ್ಟ್ರೇಲಿಯಾದ ಟಾಮ್ ಕೋವನ್. ನಟರಲ್ಲಿ ಬಹಳ ಜನರಿಗೆ ಸಿನಿಮಾ ಹೊಸತು. ನಿರ್ದೇಶಕ ಪಟ್ಟಾಭಿಯವರೇ. ಒಟ್ಟು ಖರ್ಚು ಒಂದು ಲಕ್ಷ ರೂಪಾಯಿಯ ಆಸುಪಾಸು.

ನನಗೆ ಮುಖ್ಯ ಅನಿಸುವುದು ಇದೇ. ದುಡ್ಡು ಹಾಕುವವರೂ ನಿರ್ದೇಶಿಸುವವರೂ ಒಬ್ಬರೇ ಆದದ್ದರಿಂದ ‘ಒಂದು ಹಾಡು ಸೇರಿಸಿ, ಹೆಣದ ದೃಶ್ಯ ಕಡಿಮೆ ಮಾಡಿ’ ಎನ್ನುವ ಯಜಮಾನ ಮೇಲೆ ಇರಲಿಲ್ಲ. ಸ್ವತಂತ್ರ ನಿರ್ಮಾಣ ಅಂತ ನಾವು ಸುಲಭವಾಗಿ ಅಂದುಬಿಡುತ್ತೇವೆ. ಆ ಸ್ವಾತಂತ್ರ್ಯಕ್ಕೆ ನಷ್ಟವೂ ಸ್ವಂತದ್ದೇ ಎಂಬ ಷರತ್ತು ಅಂಟಿಕೊಂಡಿರುತ್ತದೆ.

ಅದರ ಪರೀಕ್ಷೆಯೂ ಬೇಗನೆ ಬಂತು. ಬ್ರಾಹ್ಮಣ ಅಗ್ರಹಾರವನ್ನು ಹೀಗೆ ತೋರಿಸಿದರೆ ಜನ ಕೆರಳಿಯಾರು ಎಂದು ಮದರಾಸಿನ ಸೆನ್ಸಾರ್ ಮಂಡಳಿ ಚಿತ್ರವನ್ನೇ ತಡೆಯಿತು. ಪತ್ರಿಕೆಗಳಲ್ಲಿ ವಾದ ವಿವಾದ ನಡೆದವು. ಕೊನೆಗೆ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ನಿಷೇಧ ತೆರವು ಮಾಡಿತು. 1970ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಸಿಕ್ಕಿದ್ದು ತಡೆಗೊಳಗಾಗಿದ್ದ ಇದೇ ಚಿತ್ರಕ್ಕೆ. ಕನ್ನಡಕ್ಕೆ ಆ ಗೌರವ ಅದೇ ಮೊದಲು. 1972ರಲ್ಲಿ ಸ್ವಿಟ್ಜರ್‌ಲೆಂಡಿನ ಲೊಕಾರ್ನೊ ಉತ್ಸವದಲ್ಲೂ ಪ್ರಶಸ್ತಿ ಬಂತು.

ದಾರಿ ತೆರೆದ ಮೇಲೆ ನಡೆಯುವವರು ಬಂದರು. ಪ್ರಜಾ ಫಿಲ್ಮ್ಸ್‌ನ ‘ಚೋಮನ ದುಡಿ’ 1975ರ ಅತ್ಯುತ್ತಮ ಚಿತ್ರವಾಯಿತು. ಸದಾನಂದ ಸುವರ್ಣರು ನಿರ್ಮಿಸಿದ ‘ಘಟಶ್ರಾದ್ಧ’ 1977ರದು. ಸ್ಟುಡಿಯೋ ಬಲವಿಲ್ಲದ ಸಣ್ಣ ಸಣ್ಣ ಸಂಸ್ಥೆಗಳು ಎಂಟು ವರ್ಷಗಳಲ್ಲಿ ದೇಶದ ಮೊದಲ ಬಹುಮಾನವನ್ನು ಮೂರು ಸಲ ಕನ್ನಡಕ್ಕೆ ತಂದವು.

ಈ ನಡುವೆ ಪಟ್ಟಾಭಿ ದಂಪತಿಗಳ ಬದುಕು ಬೇರೆ ಕಡೆ ತಿರುಗಿತ್ತು. ತುರ್ತುಪರಿಸ್ಥಿತಿ. ಅದನ್ನು ವಿರೋಧಿಸುತ್ತಿದ್ದ ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸ್ ಅವರ ಗೆಳೆತನದ ಕಾರಣಕ್ಕೆ, ಸ್ಫೋಟದ ಸಂಚಿನ ಆರೋಪದ ಬರೋಡಾ ಡೈನಮೈಟ್ ಪ್ರಕರಣದ ಹೆಸರಿನಲ್ಲಿ, 1976ರ ಮೇ ತಿಂಗಳಲ್ಲಿ ಸ್ನೇಹಲತಾ ಅವರನ್ನು ಹಿಡಿದು ಬೆಂಗಳೂರು ಸೆಂಟ್ರಲ್ ಜೈಲಿಗೆ ಹಾಕಿದರು. ಮೊದಲೇ ಅಸ್ತಮಾ ಇದ್ದ ಜೀವ. ವಿಚಾರಣೆಯೇ ಇಲ್ಲದೆ ಎಂಟು ತಿಂಗಳು ಒಳಗಿದ್ದು, 1977ರ ಜನವರಿ 15ರಂದು ಪೆರೋಲ್ ಮೇಲೆ ಹೊರಬಂದರು. ಐದೇ ದಿನಕ್ಕೆ ತೀರಿಕೊಂಡರು. ಲಂಕೇಶರ ‘ಕ್ರಾಂತಿ ಬಂತು ಕ್ರಾಂತಿ’ ನಾಟಕವನ್ನು ಆಧರಿಸಿ ಪಟ್ಟಾಭಿ ನಿರ್ದೇಶಿಸಿದ ‘ಚಂಡಮಾರುತ’ ಬಂದದ್ದೂ ಅದೇ 1977ರಲ್ಲಿ. ಆಮೇಲೆ ‘ಶೃಂಗಾರಮಾಸ’, 1993ರಲ್ಲಿ ‘ದೇವರಕಾಡು’. 2006ರಲ್ಲಿ ಪಟ್ಟಾಭಿಯವರೂ ಹೋದರು.