ರಿಪೇರಿಯಾದ ಗಾಡಿಯ ಕುಂದಿದ ಬೆಲೆ

(ಗ್ರಾಮಸೇವಕರು ರೈತರ ಸಭೆಯಲ್ಲಿ ಮಾಡಿದ ಭಾಷಣ)



ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವವನು ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಆಮೇಲೆ ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಒಮ್ಮೆ ಕಾಲು ಮುರಿದು ಕೂಡಿಕೊಂಡ ಎತ್ತು ಈಗ ಎಷ್ಟು ಚೆನ್ನಾಗಿ ನೇಗಿಲೆಳೆದರೂ, ಸಂಗತಿ ತಿಳಿದ ಮೇಲೆ ಆತ ಬೆಲೆ ಇಳಿಸಿಯೇ ಕೇಳುತ್ತಾನೆ. ಕಾರು, ಜೀಪು, ಟ್ರ್ಯಾಕ್ಟರುಗಳ ಮಾತೂ ಇದೇ. ಲಾರಿ ಬಂದು ಗುದ್ದಿತು, ಗ್ಯಾರೇಜಿನಲ್ಲಿ ರಿಪೇರಿಯಾಯಿತು, ಬಣ್ಣವೂ ಬಂತು. ಆದರೆ ಚಾಸಿಗೆ ಬೆಸುಗೆ ಬಿದ್ದ ಗಾಡಿಯೆಂದು ತಿಳಿದ ಕೂಡಲೆ ಕೊಳ್ಳುವವನು ಹಿಂಜರಿಯುತ್ತಾನೆ. ಹೀಗೆ ಕಳೆದುಹೋದ ಬೆಲೆಯನ್ನು ಕೇಳಿ ಪಡೆಯಬಹುದೆಂಬುದು ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ನಾನು ಓದಿದ್ದು ಬೇಸಾಯದ ಡಿಪ್ಲೊಮಾ, ವಕೀಲಿಯಲ್ಲ; ಆದರೂ ಇಷ್ಟು ಸಂಗತಿ ಪ್ರತಿಯೊಬ್ಬ ರೈತನಿಗೂ ತಿಳಿದಿರಬೇಕು.

ಮೊದಲು, ಯಾರನ್ನು ಕೇಳಬೇಕು? ನಿಮ್ಮ ಸ್ವಂತ ವಿಮೆ ಕಂಪೆನಿಯನ್ನಲ್ಲ. ಅದು ರಿಪೇರಿಗೆ ಕೊಡುತ್ತದೆ, ಅದರಲ್ಲೂ ರಬ್ಬರು, ಪ್ಲಾಸ್ಟಿಕ್ಕಿನ ಭಾಗಗಳಿಗೆ ಸಾಮಾನ್ಯವಾಗಿ ಅರ್ಧ ಬೆಲೆಯನ್ನೇ ಲೆಕ್ಕ ಹಿಡಿಯುತ್ತದೆ. ಮಾರುಬೆಲೆ ಇಳಿದದ್ದು ಸಾಮಾನ್ಯ ಪಾಲಿಸಿಯಲ್ಲಿ ಸೇರಿರುವುದಿಲ್ಲ. ಕೇಳಬೇಕಾದದ್ದು ಗುದ್ದಿದ ಗಾಡಿಯ ಚಾಲಕ, ಮಾಲಿಕ ಮತ್ತು ಅವರ ವಿಮೆ ಕಂಪೆನಿಯನ್ನು. ತಪ್ಪು ನಿಮ್ಮದೇ ಆಗಿದ್ದರೆ ಈ ಮಾತನ್ನು ಎತ್ತುವಂತಿಲ್ಲ; ತಪ್ಪು ಇಬ್ಬರದೂ ಇದ್ದರೆ ನಿಮ್ಮ ಪಾಲಿನಷ್ಟು ಕಳೆಯುತ್ತಾರೆ.

1988ರ ಮೋಟಾರು ವಾಹನಗಳ ಕಾಯಿದೆಯ 165ನೆಯ ಕಲಮಿನ ಪ್ರಕಾರ ಸಾವು, ಗಾಯಗಳಿಗೆ ಮಾತ್ರವಲ್ಲ, ಮೂರನೆಯವರ ಸ್ವತ್ತಿಗಾದ ನಷ್ಟಕ್ಕೂ ಕ್ಲೇಮು ಟ್ರಿಬ್ಯೂನಲ್ಲಿನ ಮುಂದೆ ಹೋಗಬಹುದು. ಅಪಘಾತ ದೂರದ ಜಿಲ್ಲೆಯಲ್ಲಿ ಆಗಿದ್ದರೂ ನೀವು ವಾಸಿಸುವ ಸ್ಥಳದ ಟ್ರಿಬ್ಯೂನಲ್ಲಿಗೇ ಅರ್ಜಿ ಹಾಕಿಕೊಳ್ಳಬಹುದು. ಕಾರು, ಲಾರಿಗಳ ಪಾಲಿಸಿಯಲ್ಲಿ ಇಂಥ ಸ್ವತ್ತಿನ ನಷ್ಟಕ್ಕೆ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿ, ಮೋಟಾರು ಸೈಕಲ್ಲಿಗೆ 1 ಲಕ್ಷ ರೂಪಾಯಿ ಮಿತಿಯಿರುತ್ತದೆ. ಮಿತಿ ಮೀರಿದ್ದಕ್ಕೆ ಮಾಲಿಕನೇ ಹೊಣೆ.

ಇನ್ನು ಲೆಕ್ಕ. ನಿಮ್ಮ ಜೀಪು ಗುದ್ದುವ ಮುನ್ನ 4 ಲಕ್ಷಕ್ಕೆ ಹೋಗುತ್ತಿತ್ತೆನ್ನೋಣ. ರಿಪೇರಿಗೆ 70 ಸಾವಿರವಾಯಿತು. ರಿಪೇರಿಯಾದ ಮೇಲೆ ಅದೇ ಜೀಪಿಗೆ 3 ಲಕ್ಷ 40 ಸಾವಿರಕ್ಕಿಂತ ಹೆಚ್ಚು ಯಾರೂ ಕೇಳುತ್ತಿಲ್ಲ. ಆ 60 ಸಾವಿರ ಬೇರೆ ನಷ್ಟ, ರಿಪೇರಿ ಖರ್ಚು ಬೇರೆ. ರಿಪೇರಿ ಹಣವನ್ನು ನಿಮ್ಮ ಕಂಪೆನಿ ಕೊಟ್ಟಿದ್ದರೆ ಅದನ್ನೇ ಎರಡನೆಯ ಸಲ ಕೇಳುವಂತಿಲ್ಲ; ಬಾಕಿ ಉಳಿದದ್ದನ್ನು ಕೇಳಿ. ಹಾಗೆಯೇ, ಮೊದಲೇ ನಾಲ್ಕು ಕಡೆ ಬೆಸುಗೆ ಹಾಕಿದ ಹಳೆಯ ಟ್ರ್ಯಾಕ್ಟರಿಗೆ ಬೆಲೆ ಇಳಿಯಿತೆಂದು ಹೋದರೆ ಯಾರೂ ಕಿವಿಗೊಡರು. ವಯಸ್ಸಿನಿಂದ ಇಳಿದ ಬೆಲೆಯನ್ನು ಅಪಘಾತದ ತಲೆಗೆ ಕಟ್ಟಲೂಬಾರದು.

ಕಂಪೆನಿಯವರು ಸುಲಭವಾಗಿ ಒಪ್ಪರು. ರಿಪೇರಿಯಾಯಿತಲ್ಲ, ಇನ್ನೇನು ನಷ್ಟ ಎಂದೇ ವಾದಿಸುತ್ತಾರೆ. ಆದ್ದರಿಂದ ಎಲ್ಲವೂ ಪುರಾವೆಯ ಮೇಲೆ ನಿಂತಿದೆ. ಗಾಡಿಯನ್ನು ಕದಲಿಸುವ ಮುನ್ನ ಫೋಟೋ ತೆಗೆಯಿರಿ. ಈಗ ಪ್ರತಿ ಜೇಬಿನಲ್ಲೂ ಮೊಬೈಲು ಇದೆ. ಪೋಲೀಸು ಠಾಣೆಯಲ್ಲಿ ದೂರು ಬರೆಸಿ, ಮಹಜರಿನ ನಕಲು ಕೇಳಿ ಪಡೆಯಿರಿ. ಚಾಸಿ, ಕಂಬಗಳು ಬಾಗಿದ್ದು ಗ್ಯಾರೇಜಿನ ಬಿಲ್ಲಿನಲ್ಲಿ ಸ್ಪಷ್ಟವಾಗಿ ಬರೆದಿರಲಿ. ಲೈಸೆನ್ಸು ಪಡೆದ ಸರ್ವೇಯರಿಂದ ಮೊದಲಿನ ಬೆಲೆ, ಈಗಿನ ಬೆಲೆ ಎರಡನ್ನೂ ಬರೆಸಿಕೊಳ್ಳಿ. ಹಳೆಯ ಗಾಡಿ ಮಾರುವ ಇಬ್ಬರು ವರ್ತಕರು ತಾವು ಕೊಡುವ ಬೆಲೆಯನ್ನು ಕಾಗದದ ಮೇಲೆ ಬರೆದು ರುಜು ಹಾಕಿ ಕೊಟ್ಟರೆ ಇನ್ನೂ ಒಳ್ಳೆಯದು. ಬಾಯಿಮಾತಿನ ಬೆಲೆ ಕೋರ್ಟಿನಲ್ಲಿ ನಡೆಯುವುದಿಲ್ಲ.

ರಸ್ತೆಯಲ್ಲೇ ಊರವರು ಸೇರಿ ರಾಜಿ ಮಾಡಿಸುವುದುಂಟು. ಐದು ಸಾವಿರ ಕೈಗಿಟ್ಟು, ಇನ್ನೇನೂ ಬಾಕಿಯಿಲ್ಲವೆಂದು ಬರೆಸಿಕೊಳ್ಳುತ್ತಾರೆ. ಸಂಪೂರ್ಣ ಪರಿಹಾರ ಮುಟ್ಟಿತೆಂಬ ಯಾವ ಕಾಗದಕ್ಕೂ, ಅದು ನಿಮ್ಮ ಕಂಪೆನಿಯದೇ ಇರಲಿ, ಓದಿಸಿಕೊಳ್ಳದೆ ರುಜು ಹಾಕಬೇಡಿ.

ಗಡುವನ್ನು ಮರೆಯಬಾರದು. 2019ರ ತಿದ್ದುಪಡಿಯಂತೆ, 2022ರ ಏಪ್ರಿಲ್ 1ರಿಂದ, ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ಈ ಗಡುವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದುಂಟು. ಅದನ್ನು ನಂಬಿ ರಾಗಿ ಕಣ ಮುಗಿಯಲಿ, ಹಬ್ಬ ಕಳೆಯಲಿ ಎಂದು ಕೂರಬೇಡಿ. ವಕೀಲರ ಫೀಜಿಗೆ ಹೆದರುವವರು ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ವರಮಾನ ಕಡಿಮೆಯಿರುವವರಿಗೆ ಅಲ್ಲಿ ವಕೀಲರನ್ನು ಪುಕ್ಕಟೆಯಾಗಿ ಗೊತ್ತುಮಾಡಿ ಕೊಡುತ್ತಾರೆ. ಹೋಗುವಾಗ ಗಾಡಿಯ ಆರ್.ಸಿ. ಪುಸ್ತಕ, ಪಾಲಿಸಿ, ದೂರಿನ ನಕಲು, ಬಿಲ್ಲುಗಳನ್ನು ಒಂದೇ ಚೀಲದಲ್ಲಿ ಕಟ್ಟಿಕೊಂಡು ಹೋಗಿ.